ಹೋರಿಯ ಮೇಲಿದ್ದ ಗೂಬೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ದನದ ಡಾಕ್ಟರಮ್ಮ ಕೂತಿದ್ದರು. ತೊಡೆಯ ಮೇಲೆ ರಕ್ತದ ಸೀಸೆಗಳನ್ನಿಡುವ ಐಸ್ ಪೆಟ್ಟಿಗೆ. ಪಕ್ಕದಲ್ಲಿ ಅವರ ಚಿಕ್ಕಮ್ಮ, ಕೈಯಲ್ಲಿ ಹೊಸ ಹಗ್ಗ.

“ಇನ್ನೊಂದ್ಸಲ ಹೇಳೇ.”

“ನಿನ್ನ ಹೋರಿಗೆ ರೋಗ ಇಲ್ಲ ಚಿಕ್ಕಮ್ಮ. ರಕ್ತ ಮತ್ತೆ ಮತ್ತೆ ಪರೀಕ್ಷೆ ಮಾಡಿದ್ವಿ.”

“ನಾನು ಅವತ್ತೇ ಬಡ್ಕೊಂಡೆ! ಊರ ಹಸುಗಳೆಲ್ಲ ದಿನ ತುಂಬೋ ಮೊದಲೇ ಕಂದು ಹಾಕಿದ್ದಕ್ಕೆ ಅದರ ಮೇಲೆ ಗೂಬೆ ಕೂರಿಸಿದ್ರು. ನಿನ್ನ ಚಿಕ್ಕಪ್ಪನೂ ಅವರ ಜೊತೆ ಸೇರ್ಕೊಂಡು ಅದನ್ನ ತಮ್ಮ ಭಾವನ ಊರಿಗೆ ಅಟ್ಟಿಬಿಟ್ರು.”

“ರೋಗ ಇದ್ದಿದ್ದು ಹಸು ಈದಾಗ ಬೀಳೋ ಮಾಸಲ್ಲಿ. ಅದನ್ನ ಬೇಲಿ ಆಚೆ ಎಸೀತಿದ್ರು. ನಾಯಿಗಳು ಕಚ್ಕೊಂಡು ಕೊಟ್ಟಿಗೆ ಕೊಟ್ಟಿಗೆಗೂ ಹಂಚ್ತಿದ್ವು.”

“ಗುಂಡಿ ತೋಡಿ ಹೂತುಹಾಕಿ ಅಂದಾಗ ನಿನ್ನ ನೋಡಿ ನಕ್ಕಿದ್ರು.”

“ಈಗ ನಗ್ತಾರಾ?”

“ಎಲ್ಲಿಂದ ನಗ್ತಾರೆ? ಈ ಸಲ ಒಂದು ಹಸೂನೂ ಕಂದು ಹಾಕಿಲ್ಲ. ಯಾರ ಹಟ್ಟಿ ನೋಡಿದ್ರೂ ಕರು ನೆಗೀತಿವೆ!”

“ನಿಮ್ಮನೇಲಿ ಮಾಸು ಎಸೀತಿದ್ದಿದ್ದು ಯಾರು?”

ಚಿಕ್ಕಮ್ಮ ನಕ್ಕ ರಭಸಕ್ಕೆ ಕಂಡಕ್ಟರ್ ತಿರುಗಿ ನೋಡಿದ.

“ಇನ್ಯಾರು? ನಿನ್ನ ಚಿಕ್ಕಪ್ಪ! ಹೋರೀನ ವಾಪಸ್ ಕರ್ಕೊಂಡು ಹೋಗೋಕೆ ಮೊದಲನೇ ಬಸ್ಸಿಗೇ ಭಾವನ ಊರಿಗೆ ಬಂದು ಕಾಯ್ತಿದ್ದಾರೆ.”

“ಹಗ್ಗ ಯಾಕೆ ಇಷ್ಟುದ್ದ?”

“ಹೋರೀನ ನಮ್ಮೂರಿನ ಪ್ರತಿ ಮನೆ ಬಾಗಿಲಲ್ಲೂ ನಿಲ್ಲಿಸಿ ಕರ್ಕೊಂಡು ಹೋಗ್ತೀವಿ. ಎಲ್ರೂ ಕಣ್ತುಂಬ ನೋಡ್ಲಿ.”

“ಪಾಪ, ಚಿಕ್ಕಪ್ಪ ಎಲ್ಲಿ ಮುಖ ಮುಚ್ಕೋತಾರೆ?”

“ಮುಚ್ಕೊಳ್ಳೋಕೆ ಕೈ ಖಾಲಿ ಇದ್ರೆ ತಾನೆ? ಹಗ್ಗ ಹಿಡಿಯೋದೇ ಅವರು!”

ಬಸ್ಸು ನಿಂತಿತು. ಕೆಳಗೆ ಒಬ್ಬರು ತಲೆ ತಗ್ಗಿಸಿ ನಿಂತಿದ್ದರು. ಚಿಕ್ಕಮ್ಮ ಇಳಿಯುವ ಮೊದಲೇ, ಮೆಟ್ಟಿಲ ಮೇಲಿಂದಲೇ, ಹಗ್ಗವನ್ನು ಅವರ ಕೈಗೆ ಎಸೆದರು.