ಭಾವನ ಕಂಪ್ಯೂಟರ್ ಮತ್ತೆ ಎದ್ದ ರಾತ್ರಿ

ದೀಪ ಸ್ವಲ್ಪ ಸಣ್ಣದು ಮಾಡಿ. ಹಾಂ... ಈಗ ಕೇಳಿ. ಇದು ಯಾರೋ ಹೇಳಿದ ಅಂತೆಕಂತೆಯಲ್ಲ, ನಮ್ಮ ಪಕ್ಕದ ಮನೆಯ ಸ್ಕ್ರೂಗೇ ಆದದ್ದು. ಅವನು ಕಂಪ್ಯೂಟರ್ ರಿಪೇರಿ ಮಾಡುವವನು. ಕಿವಿಯ ಸಂದಿಯಲ್ಲಿ ಸದಾ ಒಂದು ಪುಟ್ಟ ಸ್ಕ್ರೂಡ್ರೈವರ್ ಇರುತ್ತಿತ್ತು, ಅದಕ್ಕೇ ಆ ಹೆಸರು. ತಲೆಯ ಸ್ಕ್ರೂ ಬಿಗಿಯಾಗಿಯೇ ಇದೆ, ಅನುಮಾನ ಬೇಡ.

ಆ ರಾತ್ರಿ ಅಂಗಡಿ ಮುಚ್ಚಿ ಅಕ್ಕನ ಮನೆಗೆ ನಡೆದು ಹೋಗುತ್ತಿದ್ದ. ದಾರಿಯಲ್ಲೊಂದು ಪಾಳುಬಾವಿ. ಮೇಲೆ ಕಬ್ಬಿಣದ ಜಾಲರಿ. ಗಾಳಿ ಬೀಸಿದರೆ ಜಾಲರಿಯ ಒಂದು ಮೂಲೆ ಮೇಲೆದ್ದು... ಠಣ್... ಅಂತ ಬೀಳುತ್ತೆ. ಚಿಕ್ಕಂದಿನಿಂದ ಆ ಬಾವಿ ಅಂದರೆ ಅವನಿಗೆ ಎದೆ ಢವಢವ. ಮೀಸೆ ಬಂದ ಮೇಲೂ ಅಲ್ಲಿ ಓಡಿಯೇ ದಾಟುತ್ತಿದ್ದ. ಅವತ್ತು ಮಾತ್ರ ಠಣ್ ಅಂದಾಗ ನಿಂತ. ಒಳಗೆ ಬಗ್ಗಿಯೂ ನೋಡಿದ. ಕತ್ತಲು. ಏನೂ ಅನಿಸಲಿಲ್ಲ. ಭಾವ, ಅಂದರೆ ಅಕ್ಕನ ಗಂಡ, ತೀರಿಕೊಂಡಾಗಿನಿಂದ ಅವನಿಗೆ ಏನೂ ಅನಿಸುತ್ತಲೇ ಇರಲಿಲ್ಲ.

ಭಾವ ಮನೆಗಳ ನಕ್ಷೆ ಬರೆಯುವವರು. ಇವನಿಗೆ ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದ್ದೇ ಅವರು. ಮಲಗುವ ಕೋಣೆಯ ಮೂಲೆಯಲ್ಲಿ ಅವರ ಹಳೇ ಕಂಪ್ಯೂಟರ್. "ಒಂದ್ಸಲ ಮಲಗಿಸಿದ್ರೆ ಮತ್ತೆ ಏಳಲ್ಲ ಕಣೋ ಇದು" ಅಂತ ರಾತ್ರಿಯೂ ಅದನ್ನು ಆಫ್ ಮಾಡುತ್ತಿರಲಿಲ್ಲ. ಅಪ್‌ಡೇಟ್ ಈಗ ಮಾಡಲೋ, ಆಮೇಲೆ ಮಾಡಲೋ ಅಂತ ಅದು ದಿನಾ ರಾತ್ರಿ ಕೇಳುವುದು. ಅಪ್‌ಡೇಟ್ ಆದರೆ ತಮ್ಮ ನಕ್ಷೆಯ ಸಾಫ್ಟ್‌ವೇರ್ ಕೈಕೊಡುತ್ತೆ ಅಂತ ಭಾವನಿಗೆ ಭಯ. ಮಲಗುವ ಮುಂಚೆ ತಿರುಗುಕುರ್ಚಿಯಲ್ಲಿ ಮುಂದಕ್ಕೆ ಬಾಗುವರು... ಕಿರ್ರ್. ಮೌಸ್ ಒತ್ತುವರು... ಟಿಕ್. 'ಆಮೇಲೆ.' ಅಷ್ಟೇ, ದೀಪ ಆರುವುದು. ಬೆಳಗಿನವರೆಗೂ ಅದರ ಫ್ಯಾನು ಗುಂಯ್... ಅನ್ನುತ್ತಿರುವುದು. ಅಕ್ಕ ಮದುವೆಯಾದಾಗಿನಿಂದ ನಿದ್ದೆ ಮಾಡಿದ್ದು ಆ ಸದ್ದಿನಲ್ಲೇ.

ಭಾವ ಹೋದ ರಾತ್ರಿ ಮನೆ ತುಂಬ ಜನ. 'ಆಮೇಲೆ' ಅಂತ ಒತ್ತಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಮಾಡಿಕೊಂಡಿತು. ಬೆಳಗ್ಗೆ ನೋಡಿದರೆ ಪರದೆ ಕಪ್ಪು, ಫ್ಯಾನು ಸ್ತಬ್ಧ. ಅವತ್ತಿನಿಂದ ಅಕ್ಕ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ಅತ್ತೂ ಇರಲಿಲ್ಲ. ಮಾತ್ರೆ ನುಂಗಿ ಗೋಡೆ ನೋಡುತ್ತ ಮಲಗಿರುವಳು. ಹೀಗೇ ನಿದ್ದೆಗೆಟ್ಟರೆ ಜೀವಕ್ಕೇ ಕುತ್ತು ಅಂದಿದ್ದರು ಡಾಕ್ಟರು.

ಬಾಗಿಲು ತೆಗೆದವಳು ಪಿಸುಗುಟ್ಟಿದಳು.

"ಏಳುತ್ತೇನೋ ಅದು?"

"ನೋಡ್ತೀನಿ ಕಣಕ್ಕ."

"ಊಟ?"

"ಆಯ್ತು."

ಆಗಿರಲಿಲ್ಲ. ಹಸಿವೂ ಇರಲಿಲ್ಲ.

ಭಾವನ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಅದನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತ. ಬಟನ್ ಒತ್ತಿದ. ಬೀಪ್... ಚುಕ್ಕೆಗಳ ಉಂಗುರ ತಿರುಗಿತು... ತಿರುಗಿತು... ಕಪ್ಪು. ಫ್ಯಾನು ಉಸ್ಸಂತ ನಿಂತಿತು. ಪ್ರಿಂಟರ್, ಸ್ಪೀಕರ್, ಮೌಸ್, ಎಲ್ಲದರ ತಂತಿ ಕಿತ್ತ. ಯಾವುದು ಅಡ್ಡಗಾಲು ಹಾಕುತ್ತಿದೆಯೋ ಹೇಳಲಾಗದು ನೋಡಿ. ಕೈಗೆ ಸಿಕ್ಕಿದ ಮೌಸನ್ನು ತಂತಿಯ ಸಮೇತ ಸುತ್ತಿ, ಅಭ್ಯಾಸಬಲದಿಂದ ತನ್ನ ಚೀಲಕ್ಕೇ ಹಾಕಿದ. ಕೀಬೋರ್ಡ್ ಒಂದನ್ನು ಬಿಟ್ಟ. ಡಬ್ಬಿ ಬಿಚ್ಚಿ, ಒಳಗಿನ ಮೆಮೊರಿ ಪಟ್ಟಿ ತೆಗೆದು, ಒರೆಸಿ, ಮತ್ತೆ ಕೂರಿಸಿದ. ಟಕ್. ಬಟನ್ ಒತ್ತಿದರೆ ಅದೇ ರಾಗ ಅದೇ ಹಾಡು.

ಕೊನೆಗೆ ಅದು ಏಳುತ್ತಿದ್ದ ಹಾಗೇ ಬಟನ್ ಅದುಮಿ ಹಿಡಿದು ಆಫ್ ಮಾಡಿದ. ಮತ್ತೆ ಎಬ್ಬಿಸಿದ, ಮತ್ತೆ ಆಫ್. ಹೀಗೆ ಕಾಡಿಸಿದರೆ ಅದೇ ಸೋತು ರಿಪೇರಿಯ ಪರದೆ ತೋರಿಸುತ್ತೆ. ತೋರಿಸಿತು. ಕೀಬೋರ್ಡಿನ ಬಾಣದ ಗುಂಡಿಗಳಲ್ಲೇ ಇಳಿಯುತ್ತ ಹೋಗಿ, ಹೊಸ ಅಪ್‌ಡೇಟ್ ತೆಗೆದುಹಾಕು ಅಂತ ಒತ್ತಿದ. ಕಾದ. ಅಕ್ಕ ಮಂಚದ ಮೇಲೆ ಗೋಡೆಗೆ ಮುಖ ಮಾಡಿಕೊಂಡಿದ್ದಳು.

ಗುಂಯ್...

ಪರದೆ ಬೆಳಗಿತು. ಭಾವನ ಅರೆಬರೆ ನಕ್ಷೆಗಳೆಲ್ಲ ಇದ್ದಲ್ಲೇ ಇದ್ದವು. ಮೂಲೆಯಲ್ಲಿ ಅದೇ ಪ್ರಶ್ನೆ ಬಂತು. ಈಗಲೋ? ಆಮೇಲೋ?

ಮೌಸಿಗೆಂದು ಮೇಜಿನ ಮೇಲೆ ಕೈಯಾಡಿಸಿದ. ಬರೀ ಮೇಜು. ಮೌಸ್ ಚೀಲದಲ್ಲಿತ್ತು. ಚೀಲ ಬಾಗಿಲ ಹತ್ತಿರ.

ಪಕ್ಕದಲ್ಲಿ... ಕಿರ್ರ್.

ಅವನು ಆ ಕಡೆ ನೋಡಲಿಲ್ಲ.

ಟಿಕ್.

ಪ್ರಶ್ನೆ ಹೋಯಿತು. ನಕ್ಷೆಗಳು ಉಳಿದವು.

"ಆಯ್ತೇನೋ?" ಗೋಡೆಯ ಕಡೆಯಿಂದ ಅಕ್ಕ.

"ಹೂಂ."

"ಆಮೇಲೆ ಅಂತ ಒತ್ತಿದ್ಯಾ?"

"...ಒತ್ತಿದೆ."

"ನೀನಲ್ಲ ಬಿಡು. ಕುರ್ಚಿ ಸದ್ದು ಕೇಳ್ತು." ಹೊದಿಕೆ ಎಳೆದುಕೊಂಡು, "ಹೋಗ್ತಾ ದೀಪ ಆರಿಸು" ಅಂದಳು.

ಅವನು ದೀಪ ಆರಿಸುವ ಹೊತ್ತಿಗೆ ಅವಳ ಗೊರಕೆ ಶುರುವಾಗಿತ್ತು. ಸಣ್ಣ ಗೊರಕೆ. ಚಿಕ್ಕವರಿದ್ದಾಗ ಇದೇ ಗೊರಕೆಗೆ ಅವಳನ್ನು ಎಷ್ಟು ಆಡಿಕೊಂಡು ನಗುತ್ತಿದ್ದ! ಬಾಗಿಲು ಎಳೆದುಕೊಂಡು ಹೊರಗೆ ಬಂದ.

ಬಾವಿಯ ಹತ್ತಿರ... ಠಣ್.

ಈ ಸಲ ನಿಲ್ಲಲಿಲ್ಲ ನೋಡಿ! ಚೀಲ ಎದೆಗವಚಿಕೊಂಡು ಬಿದ್ದೆನೋ ಎದ್ದೆನೋ ಅಂತ ಓಡಿದ. ಓಡುತ್ತಲೇ ಅಳು ಬಂತಂತೆ, ಬೀದಿಯೆಲ್ಲ ಕೇಳುವ ಹಾಗೆ. ಭಯಕ್ಕೆ ಅತ್ತದ್ದಲ್ಲ, ಭಾವ ನೆನಪಾಗಿ ಅತ್ತೆ ಅಂತಾನೆ. ಭಯವೂ ಇತ್ತು ಅನ್ನಿ, ಅಡ್ಡಿಯಿಲ್ಲ.

ಚೀಲದಲ್ಲೇ ಉಳಿದಿದ್ದ ಮೌಸನ್ನು ಮಾರನೇ ದಿನ ಕೊಡಲು ಹೋದ. ಅಕ್ಕ ಮುಖ ತೊಳೆದು, ತಲೆ ಬಾಚಿಕೊಂಡಿದ್ದಳು. "ನೀನೇ ಇಟ್ಕೊಳೋ, ನಂಗ್ಯಾಕೆ" ಅಂದಳು. ಈಗಲೂ ಅದು ಅವನ ಅಂಗಡಿಯ ಮೊಳೆಗೆ ನೇತಾಡುತ್ತಿದೆ, ಧೂಳು ಕೂತು. ಸುಳ್ಳು ಅನ್ನುವವರು ನಾಳೆ ಬನ್ನಿ, ನಾನೇ ತೋರಿಸುತ್ತೇನೆ. ಅಲ್ಲಿಂದ ಅಕ್ಕನ ಮನೆಗೂ ಹೋಗಿ ಬರೋಣ. ಬೇರೆ ಮೌಸ್ ಅವಳು ತಂದಿಲ್ಲ.

ಆ ಕಂಪ್ಯೂಟರ್ ಇವತ್ತಿಗೂ ಅಪ್‌ಡೇಟ್ ಆಗಿಲ್ಲ.