ಐತವಾರದ ಫ್ಲೆಕ್ಸ್

ಇಲ್ರಿ ಮುತ್ಯಾ, ಹಂಗ ಮಾರಿ ಗಂಟ ಹಾಕ್ಕೊಂಡು ಕುಂತ್ರ ಹೆಂಗ? ಒಂದೀಟ ನಗ್ರಿ... ಅಯ್ಯ, ಬಾಯಿ ತೆರೀರಿ ಅಂದಿಲ್ಲ, ನಗ್ರಿ ಅಂದೀನಿ! ನಿಮಗ ಹಲ್ಲಿಲ್ಲದ್ದು ಹಿಪ್ಪರಗಿಗೆಲ್ಲ ಗೊತ್ತೈತಿ, ಕ್ಯಾಮರಾಕ್ಕೂ ಯಾಕ ತೋರಸ್ತೀರಿ? ಹಾಂ... ಕಂಬಳಿ ಹೆಗಲ ಮ್ಯಾಲ ಇರಲಿ. ಹಣಿಮ್ಯಾಗಿನ ಅರಿಷಿಣ ಭಂಡಾರ ಒರಸಬ್ಯಾಡ್ರಿ, ಅದಽ ಚಂದ ಬರತೈತಿ. ಗಿರಮಲ್ಲಪ್ಪ ಅಂದ್ರ ಬೀರಪ್ಪನ ಭಕ್ತ ಅಂತ ದೂರಿಂದ ನೋಡಿದವರಿಗೂ ತಿಳೀಬೇಕು.

ಯಾಕ ಹಂಗ ನೋಡ್ತೀರಿ? ಗುರುತ ಸಿಗಲಿಲ್ಲೇನು? ನಾನ್ರೀ, ರಂಜನಾ, ಸಾವಿತ್ರೆವ್ವನ ಮಗಳು! ನಿಮ್ಮ ತೋಟದಾಗ ಕಬ್ಬು ಮುರಕೊಂಡು ಓಡಿ ಹೋಗ್ತಿದ್ನೆಲ್ಲ... ಹಾಂ, ಈಗ ನಕ್ರಿ. ತಡೀರಿ, ತಡೀರಿ... ಛೇ, ಮತ್ತ ಮಾರಿ ಬಿಗದ್ರಿ.

ಫೋಟೋ ಯಾಕ? ಎಷ್ಟ ಸಲ ಹೇಳಲಿ, ಕಾಲೇಜಿಗೆ ಅಂತ! ಜಮಖಂಡ್ಯಾಗ ನಾ ಕಮ್ಯುನಿಟಿ ಕಾಲೇಜಿಗೆ ಹೋಗ್ತೇನೆಲ್ಲ, ಆ ಡಿಪ್ಲೊಮಾ ಮುಗೀತು. ಈಗ ಪುಣೇದಾಗ ಡಿಗ್ರಿ ಸೀಟು ಸಿಕ್ಕೈತಿ, ಸೀದಾ ಎರಡನೇ ವರ್ಷಕ್ಕ! ಜಾಹೀರಾತು ಮಾಡೂದು ಕಲಸ್ತಾರ ಅಲ್ಲಿ. ಹೂಂ ಮುತ್ಯಾ, ಬರೇ ಜಾಹೀರಾತು... ಯಾಕ ನಗತೀರಿ? ಸುಳ್ಳ ಹೇಳೂದಕ್ಕೂ ಸಾಲಿ ಬೇಕಾ ಅಂತೀರಿ? ಸುಳ್ಳಲ್ರೀ! ಮಾತು ಬಲ್ಲವ ಮಾಣಿಕ ತಂದ ಅಂತ ನೀವಽ ಅಂತಿದ್ರಿ. ನಮ್ಮ ಮನ್ಯಾಗ ಅವ್ವ ಮಗ್ಗದ ಮುಂದ ಕುಂತು ಕುಂತು ನಡಾ ಬಗ್ಗಿಸಿಕೊಂಡ್ಳು. ನಾ ಕುಂಡ್ರಾಕಿ ಅಲ್ಲ. ಬಣ್ಣ ಅಂದ್ರ ನನಗ ಜೀವ. ಬನಹಟ್ಟ್ಯಾಗ ಸಂಜಯಣ್ಣನ ಫ್ಲೆಕ್ಸ್ ಅಂಗಡ್ಯಾಗ ಹಗಲೆಲ್ಲ ಮಂದೀ ಹುಟ್ಟುಹಬ್ಬ, ಮಂದೀ ಮದುವಿ ಮಾಡಿ ಮಾಡಿ ಸಾಕಾಗೇತಿ ಮುತ್ಯಾ. ಈ ಸೀಟು ಹೋದ್ರ ಮತ್ತ ಇಲ್ಲ.

ಎರಡಽ ಬೇಕಾಗ್ಯಾವ. ಒಂದು, ನಾ ಮಾಡಿದ್ದು ಖರೆ ಖರೆ ರಸ್ತೇದಾಗ ತೂಗಬೇಕು, ಮಂದಿ ನಿಂತು ನೋಡಬೇಕು, ಅದರ ಫೋಟೋ ಕೊಡಬೇಕು. ಇನ್ನೊಂದು, ಟಿಸಿ. ಅದನ್ನ ಆಫೀಸಿನವರು ಇವತ್ತ ಬಾ, ನಾಳೆ ಬಾ ಅಂತ ಆಡಸಾಕತ್ತಾರ. ಕಾಲೇಜ ಕಮಿಟಿಯವರ ಸಹಿ ಆಗಬೇಕಂತ... ಹಾಂ, ಮಹಾಲಿಂಗ ಕಾಕಾ ಅದರಾಗ ಅದಾನೆಲ್ಲ. ನಿಮ್ಮ ಮಗಾನ ಕೈಯಾಗಽ ಐತಿ ನನ್ನ ಬಾಳು. ಫೋಟೋ ತಗಿ, ನಿನ್ನ ಟಿಸಿ ನಾ ತಂದಕೊಡ್ತೇನಿ ಅಂದ. ನಮ್ಮಪ್ಪನದೊಂದು ಛಲೋ ಫೋಟೋ ಮನ್ಯಾಗ ಇಲ್ಲ, ಅಂದ.

ಕಂಬಳಿ ಯಾಕ ತಗದ್ರಿ? ಶಕಿ ಆತೇನು?

ಗೊತ್ರಿ. ಅಂವ ನಿಮ್ಮ ಕೂಡ ಮಾತು ಬಿಟ್ಟು ತಿಂಗಳಾತು, ಊರಿಗೆಲ್ಲ ಗೊತ್ತೈತಿ. ಮಾತು ಬಿಟ್ಟವ ಫೋಟೋ ಯಾಕ ಬೇಡ್ತಾನ ಅಂದ್ರ... ನಾ ಏನ್ ಹೇಳಲಿ? ಅಪ್ಪ ಮಗನ ಸಿಟ್ಟು ಎಷ್ಟ ದಿನ ಇರತೈತಿ! ಸೋಮವಾರ ನೀವು ಜಮಖಂಡಿ ಕೋರ್ಟಿಗೆ ಸಾಕ್ಷಿ ಹೇಳಾಕ ಹೋಗೂದಕ್ಕ ಅಂವಗ ಬ್ಯಾಸರಾಗೇತಿ, ಅಷ್ಟಽ. ಪಾಪ, ಶಿವವ್ವ. ಕಬ್ಬು ಕಡಿದು ಮನೀಗಿ ಹೊಂಟಿದ್ಲು, ನಿಮ್ಮ ಟ್ರ್ಯಾಕ್ಟರ್ ಗಾಲಿಗೆ ಸಿಕ್ಕು ಸತ್ಲು... ಡ್ರೈವರ್ ಹೊಡೀತಿದ್ದ ಅಂತ ಕಾಕಾ ಅಂತಾನ. ಹೌದ್ರಿ, ನೀವು ಬದುವಿನ ಮ್ಯಾಲ ನಿಂತು ನೋಡೀರಿ. ಕುಡದು ಗಾಡಿ ಹೊಡದಂವ ನನ್ನ ಮಗನಽ ಅಂತ ಗುಡಿಯಾಗ ಭಂಡಾರ ಮುಟ್ಟಿ ಆಣಿ ಮಾಡಿ ಹೇಳೀರಿ. ಇನ್ನ ಕೋರ್ಟಿನ್ಯಾಗ ಹೇಳೂದೊಂದಽ ಉಳಿದೈತಿ. ನಾ ಅದರ ನಡುವ ಬರಾಕಿ ಅಲ್ರಿ. ನಾ ಫೋಟೋ ತಗಿಯಾಕಿ...

ಜಾಹೀರಾತು ತೋರಸಲಾ? ಅದು... ಬೆಲ್ಲದ್ದ್ರಿ. ಹೂಂ, ಬೆಲ್ಲದ ಜಾಹೀರಾತು. ಒಬ್ಬ ಹಿರೇಮನಷ್ಯಾ, ಹಿಂದ ಕಬ್ಬು... ಇನ್ನಾ ಮುಗದಿಲ್ಲ ಮುತ್ಯಾ, ಅರ್ಧಾ ಮಾಡಿದ್ದು ಏನ್ ನೋಡ್ತೀರಿ? ಹೆಸರು ಯಾವುದು? ಬೆಲ್ಲದ ಹೆಸರಾ? ಅದು ಇನ್ನಾ... ಬಿಡ್ರಿ, ಜಗ್ಗಬ್ಯಾಡ್ರಿ! ಲ್ಯಾಪ್‌ಟಾಪ್ ಅಂಗಡೀದೈತಿ, ಬಿದ್ರ ಸಂಜಯಣ್ಣ ನನ್ನ... ಮುತ್ಯಾ!

...

ನೋಡೇಬಿಟ್ರಿ. ಆದ್ರ... ನಿಮಗ ಓದಾಕ ಬರೂದಿಲ್ಲಲ್ಲ.

ಹೌದ್ರಿ. ಇದನ್ನ ತಿಳಕೊಳ್ಳಾಕ ಅಕ್ಷರ ಬೇಕಾಗಿಲ್ಲ, ಖರೆ. ಎಡಕ್ಕೊಂದು ಉರಿಯೋ ದೀಪ, ಬಲಕ್ಕೊಂದು ಉರಿಯೋ ದೀಪ, ನಡುವ ಫೋಟೋಕ್ಕ ಬಿಟ್ಟ ದುಂಡನ ಜಾಗಾ. ಬಸ್‌ಸ್ಟ್ಯಾಂಡಿನ್ಯಾಗ, ಸರ್ಕಲ್ಲಿನ್ಯಾಗ ದಿನಾ ನೋಡ್ತೀರಿ. ಶ್ರದ್ಧಾಂಜಲಿ ಫ್ಲೆಕ್ಸ್... ಆದ್ರ ನೋಡ್ರಿ ಮುತ್ಯಾ, ಎಲ್ಲಾರು ಮಾಡಿದಂಗ ಮಾಡಿಲ್ಲ ನಾ! ಮೋಡ ಇಲ್ಲ, ಗುಲಾಬಿ ಇಲ್ಲ. ಹಿಂದ ನಿಮ್ಮ ಕುರಿ ಹಿಂಡು, ಕೃಷ್ಣಾ ಹೊಳಿ, ಹೊತ್ತು ಮುಳುಗೋ ಬಣ್ಣ... ಪುಣೇದವರು ನೋಡಿದ್ರ...

ಏನ್ ಮಾತಾಡಾಕತ್ತೀನಿ ನಾ.

ಸಿಟ್ಟ ಮಾಡಬ್ಯಾಡ್ರಿ. ಮೊದಲಽ ಹೇಳಿ ಇಡ್ತಾರ್ರಿ ಈಗ, ಭಾಳ ಮಂದಿ. ಕರೆಂಟ್ ಯಾವಾಗ ಬರತೈತಿ, ಯಾವಾಗ ಹೋಗತೈತಿ ಹೇಳಾಕ ಬರೂದಿಲ್ಲ. ಸತ್ತ ಮ್ಯಾಲ ಓಡಿ ಬಂದ್ರ ಮಣ್ಣಿಗೆ ಒಯ್ಯೂ ತನಕ ಫ್ಲೆಕ್ಸ್ ಸಿಗೂದಿಲ್ಲ. ಅದಕ್ಕ ಜಡ್ಡಾದವರದು, ದವಾಖಾನ್ಯಾಗ ಇದ್ದವರದು ಮೊದಲಽ...

ಗೊತ್ರಿ, ನಿಮಗ ಜಡ್ಡಿಲ್ಲ. ನಾ ಬಂದಾಗ ಮೇವಿನ ಹೊರಿ ಹೊತ್ತು ಬರಾಕತ್ತಿದ್ರಿ. ನಾನಽ ನೋಡೀನಿ.

ಬೇಕಾದ್ರ ಬೈರಿ, ಹೊಡೀರಿ. ನಾ ಏನ್ ಮಾಡೀನಿ? ಗಿರಾಕಿ ಹೇಳಿದ್ದು ಮಾಡೀನಿ. ಯಾವಾಗ ಬೇಕು, ಯಾಕ ಬೇಕು ಅಂತ ಕೇಳಾಕ ನಾ ಯಾರು? ಕಾಕಾ ಏನೂ ಹೇಳಿಲ್ಲ. ನನಗ ಏನೂ ಗೊತ್ತಿಲ್ಲ, ಬೀರಪ್ಪನ ಆಣಿ ಮಾಡಿ...

ಆ ಚೀಲಾ ಯಾಕ ಬಿಚ್ಚತೀರಿ?

ಬ್ಯಾಡ್ರಿ. ಭಂಡಾರ ನನ್ನ ಮುಂದ ಹಿಡೀಬ್ಯಾಡ್ರಿ ಮುತ್ಯಾ. ನಾ... ನಾ ಕೈ ತೊಳಕೊಂಡಿಲ್ಲ. ಮುಂಜಾನಿಂದ ಊಟಾನೂ... ಹಿಂದಕ್ಕ ತಗೊಳ್ರಿ ಅಂದೆ! ನನ್ನ ಮಾತು ನಂಬ್ರಿ, ಮುಟ್ಟಽ ಹೇಳಬೇಕೇನು?

ಇನ್ನಾ ಹಿಡಕೊಂಡಽ ಅದೀರಿ. ಎಷ್ಟೊತ್ತ ಹಿಡೀತೀರಿ?

ಇಲ್ಲ. ಮುಟ್ಟಾಕ ಆಗೂದಿಲ್ಲ ನನಗ. ಸುಳ್ಳ ಹೇಳೀನಿ.

ತಾರೀಖು ಬರದೀನ್ರಿ ಅದರಾಗ. ನಾನಽ ಬರದೀನಿ, ಈ ಬೆರಳಿಲೆ. ನಿಮ್ಮ ಹೆಸರಿನ ಬಾಜೂಕ, ಮರಣ ಅಂತ... ಐತವಾರ. ನಾಡದು ಐತವಾರ. ಖಾಲಿ ಬಿಡಲಾ ಕಾಕಾ, ಅಂದೆ. ಬ್ಯಾಡ, ಐತವಾರ ಹಾಕು, ಮುಂಜಾನೆ ಕಟ್ಟಾಕ ತಯಾರ ಇರಬೇಕು ಅಂದ. ಮುತ್ಯಾ ಆರಾಮ ಅದಾನಲ್ಲ, ಅಂತ ಕೇಳೀನಿ. ಕೇಳೀನಿ ನಾ! ನೀ ಪುಣೇಕ್ಕ ಹೋಗಾಕಿ, ಪುಣೇದ ವಿಚಾರ ಮಾಡು, ಅಂದ. ಮಾಡಿದೆ. ಪುಣೇದ ವಿಚಾರಽ ಮಾಡಿದೆ. ಕುರಿ ಯಾವ ಬಣ್ಣಕ್ಕಿರಲಿ, ಹೊಳಿ ಯಾವ ಬಣ್ಣಕ್ಕಿರಲಿ... ಐತವಾರ ಆದ ಮ್ಯಾಲ ಸೋಮವಾರ ಬರತೈತಿ, ಸೋಮವಾರ ಕೋರ್ಟ್ ಐತಿ ಅನ್ನೂದು ನನಗ ಗೊತ್ತಿತ್ರಿ. ಗೊತ್ತಿದ್ದಽ ಬಂದೀನಿ.

ಏಳ್ರಿ ಮುತ್ಯಾ. ನನ್ನ ಸ್ಕೂಟಿ ಹೊರಗೈತಿ, ಹಿಂದ ಕುಂಡ್ರಿ. ಜಮಖಂಡ್ಯಾಗ ಪೊಲೀಸರ ಮುಂದ ಹೇಳೋಣು. ಟಿಸಿ ಸುಟ್ಟು ಹೋಗಲಿ... ತಲಿ ಅಲ್ಲಾಡಸಬ್ಯಾಡ್ರಿ! ಹೆತ್ತ ಮಗಗ ಅಂಜಿ ಓಡಿ ಹೋಗೂದಿಲ್ಲ ಅಂತೀರಿ? ಅಂವ ಓಡಿ ಬರಾಕತ್ತಾನಲ್ರಿ! ಕೇಳ್ರಿ, ಅಂವನ ಬುಲೆಟ್ ಗಾಡಿ ಸಪ್ಪಳ ಅಲ್ಲೇನದು? ಕಾಲುವಿ ದಾಟಿ ಬಂತು. ಏಳ್ರಿ!

ಏನ್ ಮಾಡ್ತೀರಿ... ನನ್ನ ಹಣಿಗ್ಯಾಕ ಹಚ್ಚತೀರಿ? ಭಂಡಾರ ನಿಮ್ಮದು, ಮಾತು ನಿಮ್ಮದು, ನನಗ ಬ್ಯಾಡ. ಸಣ್ಣಾಕಿ ನಾ, ಪುಣೇಕ್ಕ ಹೋಗಾಕಿ... ಶಿವವ್ವನ ಸಾವು ನೀವು ನೋಡೀರಿ, ನಿಮ್ಮನ್ನ ನಾ ನೋಡೀನಿ. ಅಷ್ಟಽ ಹೌದಲ್ಲ? ಅದನ್ನಽ ಕೋರ್ಟಿನ್ಯಾಗ ಹೇಳಬೇಕಲ್ಲ ನಾ?

ಇಲ್ಲ. ಒರಸೂದಿಲ್ಲ.

ಕಂಬಳಿ ಯಾಕ ಹೊದ್ದುಕೊಂಡ್ರಿ? ರುಮಾಲು ಯಾಕ ಸರಿ ಮಾಡ್ಕೋತೀರಿ? ಕಾಕಾನ ಗಾಡಿ ಬಾಗಲಿಗೆ ಬಂದು ನಿಂತೈತಿ, ಈಗ ಫೋಟೋ ತಗಿ ಅಂತೀರಿ? ಮುತ್ಯಾ, ನಗಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ, ಹಂಗ ನಗಬ್ಯಾಡ್ರಿ.