ಹುಳುಮನೆಯ ಬಾಗಿಲು ಕಾದವಳ ಮಾತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಶಾಲು ಹೊದ್ದು ಬೆವರುತ್ತಿರುವ ಅತಿಥಿಗಳೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ನಾನು ಗಿರಿಜಾಂಬ. ಓದಿದ್ದು ಮೂರನೇ ಕ್ಲಾಸು. ಡಾಕ್ಟರೇಟ್ ಪಡೆದ ಮೊಮ್ಮಗಳು ರಕ್ಷಿತಾಗೆ ಇಂದು ನಮ್ಮ ಮಾಗಡಿಯಲ್ಲಿ ಸನ್ಮಾನ. ಅವಳು ಏನು ಓದಿದಳೆಂದು ನಾನು ಹೇಳಬೇಕಂತೆ. ಹೇಳುತ್ತೇನೆ. ನಮ್ಮ ಮೈಯೊಳಗೆ ಕಾವಲಿನ ಕಣಗಳಿವೆ. ರೋಗಾಣುವನ್ನು ಗುರುತಿಸಿ ಕೂಗೆಬ್ಬಿಸಲು ಅವುಗಳಲ್ಲಿ ಒಂದು ಪ್ರೋಟೀನು ಇದೆ. ಕೆಲವು ಬ್ಯಾಕ್ಟೀರಿಯಾ ಅದನ್ನೇ ಹೋಲುವ ಪ್ರೋಟೀನು ಮಾಡಿಕೊಂಡು ನಡುವೆ ಸೇರಿಬಿಡುತ್ತವೆ. ಕೂಗು ಅಲ್ಲೇ ಅಡಗುತ್ತದೆ.

ಅವಳು ಇದನ್ನು ಬಿಡಿಸಿ ಹೇಳಿದ ದಿನ, “ಕಾವಲಿನೋರ ವೇಷದಲ್ಲೇ ಬಂದ್ರೆ ಯಾರವ್ವ ತಡೀತಾರೆ?” ಎಂದೆ.

“ಯಾರೂ ತಡೆಯಲ್ಲ ಅಜ್ಜಿ. ಅದಕ್ಕೇ ಕಾಯಿಲೆ ಬಲಿಯೋದು,” ಎಂದಳು.

ಅವತ್ತು ನನಗೆ ಊಟ ಸೇರಲಿಲ್ಲ. ಯಾಕೆ ಗೊತ್ತೇ?

ಮೂವತ್ತು ವರ್ಷದ ಹಿಂದೆ ನಾನು ರೇಷ್ಮೆ ಹುಳು ಸಾಕುತ್ತಿದ್ದೆ. ಹುಳುಮನೆಯ ಹೊಸ್ತಿಲಲ್ಲಿ ಸುಣ್ಣದ ಪುಡಿ, ಪಕ್ಕದಲ್ಲಿ ನೀರಿನ ಕೊಳಗ, ನಡುವೆ ನಾನು. ಕಾಲು ತೊಳೆಯದೆ ನನ್ನ ಗಂಡನಿಗೂ ಪ್ರವೇಶವಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದಾಗ ಪಕ್ಕದ ಬೀದಿಯ ಖುರ್ಷಿದಾ ಬರುತ್ತಿದ್ದಳು; ಅವರ ಮನೆಯಲ್ಲಿ ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಿಕೆಯ ಮೇಲೆ ಹುಳು ಬಿಡುತ್ತಾ ಇಬ್ಬರೂ ನಮ್ಮ ನಮ್ಮ ಅತ್ತೆಯರನ್ನು ಆಡಿಕೊಳ್ಳುತ್ತಿದ್ದೆವು. ಎಂಥ ದಿನಗಳು! ಅಂಥ ನಗು ಆಮೇಲೆ ನಾನು ನಕ್ಕಿಲ್ಲ.

ಒಂದು ಸಲ ಹುಳು ಹಣ್ಣಾಗುವ ಮುಂಚೆಯೇ ಅವಳು ನೋಡಲು ಬಂದಳು. ಮೂರನೇ ದಿನಕ್ಕೆ ಹುಳುಗಳೆಲ್ಲ ಮೆತ್ತಗಾಗಿ ಕಪ್ಪಿಟ್ಟವು. ಸಪ್ಪೆ ರೋಗ. ನಾನು ಅವಳ ಮನೆ ಮುಂದೆ ನಿಂತು ಕಿರುಚಿದೆ:

“ನೂಲು ಬಿಚ್ಚೋ ಮನೆ ಹೊಲಸನ್ನೆಲ್ಲಾ ನನ್ನ ಹುಳಕ್ಕೆ ತಂದ್ಬುಟ್ಟೆ ಕಣೇ!”

“ಕಾಲು ತೊಳ್ದೆ ಕಣಕ್ಕ. ನೀನೇ ನೀರು ಹುಯ್ದೆಯಲ್ಲ?” ಎಂದಳು. ಅಷ್ಟೇ. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಈಗ ಯಾರಿಗೂ ಹೇಳದಿದ್ದ ಸಂಗತಿ. ಅವಳು ಬರುವ ಹಿಂದಿನ ದಿನ ನಾನು ಕೆಂಪಾಪುರದ ತಂಗಿಯ ಮನೆಯಲ್ಲಿ ರೋಗದ ಹುಳು ಆರಿಸಿ ಹೊರಹಾಕಿ ಬಂದಿದ್ದೆ. ಅದೇ ಸೀರೆ, ಅದೇ ಕೈ. ಕಾಲೂ ತೊಳೆಯದೆ ನೇರ ನನ್ನ ಹುಳುಮನೆಯೊಳಗೆ ಹೋದೆ. ಬಾಗಿಲು ಕಾಯುವವಳೇ ನಾನು, ನನ್ನನ್ನು ಕೇಳುವವರು ಯಾರು? ಆಗಲೇ ನನಗೆ ಅನುಮಾನ ಬಂದಿರಲಿಲ್ಲವೇ? ಒಸಿ ಬಂದಿತ್ತು. ನುಂಗಿಕೊಂಡೆ.

ಮೂರನೇ ಸಾಲಿನಲ್ಲಿ ಕೂತಿರುವ ಖುರ್ಷಿದಾ, ನೀನು ಬಂದದ್ದು ರಕ್ಷಿತಾ ಕರೆದಳೆಂದು, ನನ್ನ ಮುಖ ನೋಡಲಲ್ಲ. ಗೊತ್ತು. ಬೀದಿಯಲ್ಲಿ ಬೈದದ್ದಕ್ಕೆ ಮನೆಯೊಳಗೆ ಪಿಸುಗುಟ್ಟಿದರೆ ಸಾಲದು. ಅದಕ್ಕೇ ಮೈಕಿನಲ್ಲಿ ಹೇಳುತ್ತಿದ್ದೇನೆ: ರೋಗ ತಂದವಳು ನಾನು. ನಿನ್ನದೇನೂ ತಪ್ಪಿರಲಿಲ್ಲ.

ಕರೆದು ಮಾತಾಡಿಸಿದವರಿಗೂ, ಸುಮ್ಮನೆ ಕೇಳಿದವರಿಗೂ ವಂದನೆಗಳು. ಎಲ್ಲರಿಗೂ ನಮಸ್ಕಾರ. ಖುರ್ಷಿದಾ, ನಿನಗೆ ಬೇರೆಯಾಗಿ ಇನ್ನೊಂದು ನಮಸ್ಕಾರ.